ಬಾಳ್ಯಾನ ಜೋಡಿ

ರಗಳೆಯೆಲ್ಲ ಹುಟ್ಟಿದ್ದು 'ಜೋಡಿ' ಅನ್ನುವ ಒಂದು ಶಬ್ದದಿಂದ. ಮೊದಲೇ ಹೇಳಿಬಿಡುತ್ತೇನೆ, ಆ ಶಬ್ದ ಆಡಿದವನು ನಾನಲ್ಲ, ತುಳಸಿರಾಮ.

ನಮ್ಮ ದಾಂಡೇಲಿ ಕಡೆ ಜೋಡಿ ಅಂದರೆ ಜೊತೆಗೆ, ಅಷ್ಟೇ. ಅಪ್ಪನ ಜೋಡಿ ಸಂತೆಗೆ ಹೋಗುತ್ತೇವೆ, ಸಾಹೇಬರ ಜೋಡಿ ಜಗಳ ಆಡುತ್ತೇವೆ, ಚಹಾದ ಜೋಡಿ ಮಿರ್ಚಿ ತಿನ್ನುತ್ತೇವೆ. ಬೆಂಗಳೂರಿನವರಿಗೆ ಹಾಗಲ್ಲ. ಅವರಿಗೆ ಜೋಡಿ ಅಂದರೆ ಪ್ರೀತಿ, ಸಂಸಾರ, ಒಂದೇ ಹಾಸಿಗೆ.

2007ನೇ ಇಸವಿ. ಬಸ್ ಸ್ಟ್ಯಾಂಡ್ ಎದುರಿನ ಅಂದಾನೆಪ್ಪ ಕಾಕಾನ ಟ್ರಾವೆಲ್ಸ್‌ನಲ್ಲಿ ನಾನು, ಬಾಳೇಶ, ಖುರ್ಚಿ ಹಿಡಿದು ಕೂತಿದ್ದೆ. ಬೆಂಗಳೂರು ಬಸ್ಸಿನ ಟಿಕೆಟ್, ಉಳವಿಗೆ ಜೀಪು, ಗಣೇಶಗುಡಿಗೆ ರಾಫ್ಟಿಂಗ್, ಎಲ್ಲ ನನ್ನ ಕೈಯಿಂದಲೇ ಆಗಬೇಕು. ತುಳಸಿರಾಮ ಗಣೇಶಗುಡಿಯಲ್ಲಿ ರಾಫ್ಟ್ ನಡೆಸುವವ, ಮುಂಡಗೋಡ ಕಡೆಯ ಹಳ್ಳಿಯ ಹುಡುಗ. ಬಿಸಿಲಿಗೆ ಸುಲಿದ ಮೂಗು, ನಕ್ಕರೆ ಎಡಗೆನ್ನೆಯಲ್ಲಿ ಮಾತ್ರ ಬೀಳುವ ಗುಳಿ. ಬುಕಿಂಗ್ ಕೇಳುವ ನೆಪದಲ್ಲಿ ಅಂಗಡಿಗೆ ಬಂದವನು ಹೋಗುವಾಗ ನನ್ನ ಟೇಬಲ್ಲಿನ ಪೆನ್ನು ಕಿವಿಗೆ ಸಿಕ್ಕಿಸಿಕೊಂಡು ಹೋಗುತ್ತಿದ್ದ. ನಾನು ಬೈಯುತ್ತಿದ್ದೆ. ಬೈದು, ಅವನು ಮತ್ತೆ ಬರುವುದರೊಳಗೆ ಹೊಸದೊಂದು ತಂದಿಡುತ್ತಿದ್ದೆ, ಅದೂ ಒಳ್ಳೆಯದನ್ನೇ.

ಅಕ್ಟೋಬರಿನಲ್ಲಿ ಬೆಂಗಳೂರಿನಿಂದ ಒಂದು ಗುಂಪು ರಾಫ್ಟಿಂಗ್‌ಗೆ ಬಂತು. ಎಲ್ಲರೂ ಗಂಡಸರು, ಗಂಡಸರನ್ನೇ ಪ್ರೀತಿಸುವವರು, ಅದರಲ್ಲಿ ಮುಚ್ಚುಮರೆ ಏನೂ ಇಲ್ಲ. ಅವರ ಮುಂದಾಳು ಶ್ರೀನಿಧಿ. ಕಾಳಿ ಹೊಳೆ ನೋಡಿದ್ದೇ ಅವನ ಗೆಳೆಯ ಹೆದರಿ ಶ್ರೀನಿಧಿಯ ಕೈ ಹಿಡಿದು ಕೂತುಬಿಟ್ಟ. ದಂಡೆಯ ಮೇಲಿದ್ದ ಜೀಪ್ ಡ್ರೈವರ್‌ಗಳು ಕಿಸಕ್ಕನೆ ನಕ್ಕರು.

ತುಳಸಿ ಹುಟ್ಟನ್ನು ನೀರಿಗೆ ಬಡಿದು ಅವರ ಮುಖಕ್ಕೆ ನೀರು ಹಾರಿಸಿದ.

"ನಗೂದಿದ್ರ ರಾಫ್ಟಿನ್ಯಾಗ ಬಂದು ಕುಂತು ನಗ್ರಿ. ಮುಂದ ಸುಳಿ ಬಂದಾಗ ಯಾರ ಕೈ ಯಾರು ಹಿಡೀತೀರಿ, ನಾನೂ ನೋಡ್ತೇನಿ." ಆಮೇಲೆ ಶ್ರೀನಿಧಿಯ ಕಡೆ ತಿರುಗಿ, "ನೀವು ಬಿಡಬ್ಯಾಡ್ರಿ ಸರ್, ಗಟ್ಟಿ ಹಿಡೀರಿ" ಅಂದ.

ದಂಡೆಯ ಮೇಲೆ ನಿಂತಿದ್ದ ನನ್ನ ಕಥೆ ಅವತ್ತೇ ಮುಗಿಯಿತು. ಅಲ್ಲಿಯವರೆಗೂ ಇದು ಬರೀ ದೋಸ್ತಿ ಅಂತ ನನಗೆ ನಾನೇ ಸುಳ್ಳು ಹೇಳಿಕೊಂಡಿದ್ದೆ. ಇನ್ನು ಆ ಸುಳ್ಳು ನಡೆಯುವಂತಿರಲಿಲ್ಲ. ನನಗೆ ಇವನು ಬೇಕಿತ್ತು.

ನವೆಂಬರಿನಲ್ಲಿ ಶ್ರೀನಿಧಿಯ ಫೋನ್ ಬಂತು.

"ಬಾಳೇಶ್, ಜನವರಿಯಲ್ಲಿ ನಾವೆಲ್ಲ ಮನಾಲಿ ಕಡೆ ಸ್ಕೀಯಿಂಗ್‌ಗೆ ಹೋಗಬೇಕು. ಇಲ್ಲಿ ಎಷ್ಟು ಟ್ರಾವೆಲ್ಸ್ ಕೇಳಿದೆ ಗೊತ್ತಾ? 'ಫ್ಯಾಮಿಲಿ ಗ್ರೂಪಾ ಸರ್' ಅಂತಾರೆ. ನಿಜ ಹೇಳಿದ್ರೆ ಫೋನ್ ಇಟ್ಟುಬಿಡ್ತಾರೆ. ನಿಮ್ಮ ತುಳಸಿರಾಮ್‌ಗೆ ಸ್ಕೀ ಬರತ್ತಂತಲ್ಲ, ನೀವಿಬ್ಬರೂ ಸೇರಿ ಮಾಡಿಕೊಡ್ತೀರಾ?"

ತುಳಸಿಗೆ ಸ್ಕೀ ಬರುತ್ತಿದ್ದದ್ದು ಹೌದು. ಒಂದು ಚಳಿಗಾಲ ಮನಾಲಿಯಲ್ಲಿದ್ದು ಕೋರ್ಸ್ ಮಾಡಿ ಬಂದಿದ್ದ. ನಾನು ಕಂಡ ಹಿಮ ಅಂದರೆ ಐಸ್ ಕ್ಯಾಂಡಿ ಡಬ್ಬಿಯೊಳಗಿನದು ಮಾತ್ರ. ಆದರೂ ಎದೆ ಉಬ್ಬಿಸಿ "ಮಾಡಿಕೊಡ್ತೇವ್ರಿ" ಅಂದೆ.

ಅಂದಷ್ಟು ಸುಲಭ ಇರಲಿಲ್ಲ. ಮನಾಲಿಯ ಹೋಟೆಲಿಗೆಲ್ಲ ನನ್ನ ಹರಕು ಹಿಂದಿಯಲ್ಲಿ ಫೋನ್ ಹಚ್ಚಿದೆ. "ಎಲ್ಲ ಗಂಡಸರು, ಎಲ್ಲ ಡಬಲ್ ಬೆಡ್" ಅಂದ ಕೂಡಲೇ ಖಾಲಿ ಹೋಟೆಲು ತುಂಬಿಬಿಡುತ್ತಿತ್ತು. ಒಬ್ಬ ಮಹಾಶಯ, ಬೇರೆ ಬೇರೆ ಮಂಚ ಹಾಕಿ ನಡುವೆ ಟೀಪಾಯಿ ಇಡುತ್ತೇನೆ ಅಂದ. ಆ ಟೀಪಾಯಿ ನಿನ್ನ ತಲಿ ಮ್ಯಾಲ ಇಟ್ಕೋ ಮಗನ ಅಂದು ಫೋನ್ ಕುಕ್ಕಿದೆ. ಕೊನೆಗೆ ಸೋಲಂಗ್ ಹತ್ತಿರ ಲಾಡ್ಜ್ ನಡೆಸುವ ಒಬ್ಬ ಅಜ್ಜಿ ಸಿಕ್ಕರು. "ಜನವರಿಯಲ್ಲಿ ಒಬ್ಬೊಬ್ಬರೇ ಮಲಗಿದರೆ ಸೆಟೆದು ಹೋಗುತ್ತೀರಿ. ಯಾರು ಯಾರೊಂದಿಗೆ ಮಲಗಿದರೆ ನನಗೇನು, ಬನ್ನಿ" ಅಂದರು. ಆ ಅಜ್ಜಿಯ ಕಾಲಿಗೆ ದಾಂಡೇಲಿಯಿಂದಲೇ ಕೈ ಮುಗಿದೆ.

ಅದನ್ನು ಹೇಳಲು ಶ್ರೀನಿಧಿಗೆ ಫೋನ್ ಮಾಡಬೇಕು ಅಂದುಕೊಂಡು, ಮೊದಲು ಚಹಾ ತರಲು ಹೋದೆ. ಬರುವಷ್ಟರಲ್ಲಿ ಅವನದೇ ಫೋನ್ ಬಂದು, ಅಂಗಡಿಗೆ ಬಂದಿದ್ದ ತುಳಸಿ ಎತ್ತಿ, ಮಾತಾಡಿ ಮುಗಿಸಿಯೂ ಆಗಿತ್ತು.

"ಲೇ ಬಾಳ್ಯಾ, ಆ ಶ್ರೀನಿಧಿ ಸರ್‌ಗೆ ಏನಾಗೈತಿ?"

"ಯಾಕ?"

"ನಿಮ್ಮ ಕಡಿಂದ ಯಾರ್ಯಾರು ಬರ್ತೀರಿ ಅಂದ್ರು. ನಾ ಬಾಳ್ಯಾನ ಜೋಡಿ ಬರ್ತೇನ್ರಿ ಅಂದೆ. ಅಷ್ಟಕ್ಕ ಒದರಾಡಿಬಿಟ್ರಲೇ! 'ಅಯ್ಯೋ, ಕಂಗ್ರಾಟ್ಸ್, ಮೊದಲೇ ಹೇಳಬಾರದಿತ್ತಾ, ನಿಮಗೂ ಒಂದು ಡಬಲ್ ರೂಮ್ ಇರಲಿ' ಅಂದ್ರು. ಹಿಂದ ಮಂದಿ ಚಪ್ಪಾಳಿ ಬ್ಯಾರೆ ಬಡದ್ರು."

ನನ್ನ ಕೈಯಲ್ಲಿದ್ದ ಚಹಾ ಅರ್ಧ ಟೇಬಲ್ಲಿನ ಪಾಲಾಯಿತು. ಗೋಡೆಯ ಕ್ಯಾಲೆಂಡರ್ ನೋಡುತ್ತ ಹೇಳಿದೆ.

"ಅವರ ಕಡೆ ಜೋಡಿ ಅಂದ್ರ ಜೊತಿಗೆ ಅಂತಲ್ಲ."

"ಮತ್ತ?"

"ಶ್ರೀನಿಧಿ ಸರ್, ಅವರ ಗೆಳೆಯಾ... ಅವರು ಇದ್ದಂಗ. ನಾವಿಬ್ಬರೂ ಹಂಗ ಅಂತ ತಿಳ್ಕೊಂಡಾರ."

ತುಳಸಿ ಪೆನ್ನು ಎತ್ತಿಕೊಂಡ. ಕಿವಿಗೆ ಸಿಕ್ಕಿಸದೆ ಬೆರಳಲ್ಲಿ ತಿರುಗಿಸುತ್ತ ನಿಂತ. ಅವನ ಕಿವಿಯ ತುದಿ ಕೆಂಪಗಾಗಿದ್ದನ್ನು ನಾನು ಕದ್ದು ನೋಡಿದೆ. ನೋಡಿದ್ದನ್ನು ಅವನೂ ನೋಡಿದ.

"ಫೋನ್ ಮಾಡಿ ತಪ್ಪಾತು ಅಂತ ಹೇಳ್ಲ್ಯಾ?" ಅಂದೆ.

"ಬಿಡು. ನಾಳೆ ಹೇಳೂಣು."

ಆ ನಾಳೆ ಬರಲೇ ಇಲ್ಲ. ಬರುವುದು ನನಗಂತೂ ಬೇಕಿರಲಿಲ್ಲ.

ನನಗೆ ಸ್ಕೀ ಕಲಿಸುವ ಹುಕಿ ಹತ್ತಿತು ಅವನಿಗೆ. ಕಟ್ಟಿಗೆ ಕೊರೆಯುವ ಮಿಲ್ಲಿನ ಹಿಂದೆ ಹೊಟ್ಟಿನ ದೊಡ್ಡ ದಿಬ್ಬ ಇತ್ತು. ಎರಡು ಬಿದಿರಿನ ಸೀಳನ್ನು ನುಣ್ಣಗೆ ಕೆತ್ತಿ ನನ್ನ ಬೂಟಿಗೆ ಕಟ್ಟಿ, ತಾನು ಕೆಳಗೆ ಹೋಗಿ ಕೈ ಚಾಚಿ ನಿಂತ.

"ಮೊಣಕಾಲು ಬಗ್ಗಸು. ಕೆಳಗ ನೋಡಬ್ಯಾಡ, ಮುಂದ ನೋಡು."

"ಮುಂದ ನೀನಽ ನಿಂತೀಯಲ್ಲೋ!"

"ಹಂಗಾರ ನನ್ನಽ ನೋಡು."

ನೋಡಿದೆ. ನೋಡಿದ್ದಕ್ಕೇ ಬಿದ್ದೆ. ಬಾಯಿ, ಮೂಗು, ಅಂಗಿಯೊಳಗೆಲ್ಲ ಹೊಟ್ಟು. ಅವನು ಹೊಟ್ಟೆ ಹಿಡಿದು ನಕ್ಕ. ನಕ್ಕು ಮುಗಿಸಿ ಮಂಡಿಯೂರಿ ಕೂತು, ನನ್ನ ಹುಬ್ಬಿನ ಮೇಲಿನ ಹೊಟ್ಟನ್ನು ಹೆಬ್ಬೆರಳಿನಿಂದ ಒರೆಸಿದ. ಒಂದು ಹುಬ್ಬು ಆಯಿತು, ಇನ್ನೊಂದೂ ಆಯಿತು. ಹೊಟ್ಟು ಹೋದರೂ ಬೆರಳು ಹೋಗಲಿಲ್ಲ.

"ಬೆಂಗಳೂರಿಗೆ ಫೋನ್ ಮಾಡಿದ್ಯೇನು?" ಅಂದ ಮೆಲ್ಲಗೆ.

"ಇಲ್ಲ. ನೀ ಮಾಡಿದಿ?"

"ನಾಳೆ ಮಾಡೂಣು."

ಸ್ವೆಟರ್ ಕೊಳ್ಳಲು ಮುಂಡಗೋಡದ ಟಿಬೆಟಿಯನ್ ಕ್ಯಾಂಪಿಗೆ ಹೋದೆವು. ಅಂಗಡಿಯ ಹೆಂಗಸು ನೀಲಿಯ ಮೇಲೆ ಬಿಳಿ ಪಟ್ಟಿಯ ಸ್ವೆಟರನ್ನು ನನ್ನ ಎದೆಗೆ ಹಿಡಿದು ನೋಡಿ, ಆಮೇಲೆ ತುಳಸಿಯ ಎದೆಗೂ ಹಿಡಿದು, "ಒಂದಾ, ಜೋಡೀನಾ?" ಅಂದಳು.

ತುಳಸಿ ನನ್ನ ಕಡೆ ನೋಡದೆ, "ಜೋಡೀನಽ ಕೊಡ್ರಿ" ಅಂದ.

ಬರುವಾಗ ಬಸ್ಸಿನಲ್ಲಿ ಅವನ ಮೊಣಕಾಲಿಗೆ ನನ್ನ ಮೊಣಕಾಲು ತಾಗಿಕೊಂಡಿತ್ತು. ಇಬ್ಬರೂ ಸರಿಸಲಿಲ್ಲ. ಹಳಿಯಾಳ ಬಂದಾಗ ಅವನು ಕಿಟಕಿಯ ಆಚೆ ನೋಡುತ್ತ ಹೇಳಿದ, "ಮನ್ಯಾಗ ಹುಡುಗಿ ನೋಡ್ಯಾರ. ಜನವರಿಗೆ ಅಕ್ಕಿಕಾಳು ಹಾಕಿ ಮುಗಸೂಣು ಅಂತಾನ ನಮ್ಮಣ್ಣ ತುಳಜಪ್ಪ."

"ನೀ ಏನಂದಿ?"

"ಜನವರಿಗೆ ಆಗೂದಿಲ್ಲ, ಮನಾಲಿಗೆ ಹೊಂಟೇನಿ ಅಂದೆ."

"ಮತ್ತ ಫೆಬ್ರುವರಿಗೆ?"

ಅವನು ಕಿಟಕಿಯ ಗಾಜು ಸರಿಸಿದ. ನಾನು ಮೊಣಕಾಲು ಸರಿಸಿಕೊಂಡೆ. ನಾಳೆ, ನಾಳೆ! ಆ ಶಬ್ದದ ಮೇಲೆ ಅವತ್ತು ನನಗೆ ಮೈಯೆಲ್ಲ ಸಿಟ್ಟು ಬಂತು. ಹೋಟೆಲಿನವರಿಗೆ ಬೈಯಬಲ್ಲೆ, ಊರಿಗೆ ಎದುರಾಡಬಲ್ಲೆ. ಇವನೇ ಒಂದು ದಿನ ತಲೆ ತಗ್ಗಿಸಿ ಹಸೆಮಣೆ ಏರಿದರೆ ನಾನು ಯಾರ ಜೋಡಿ ಜಗಳ ಆಡಲಿ?

ಮರುದಿನ ಅಂಗಡಿಗೆ ಹೋದರೆ ಅಂದಾನೆಪ್ಪ ಕಾಕಾ ಫೋನಿನ ಮುಂದೆ ಕೈ ಕಟ್ಟಿ ನಿಂತಿದ್ದ. ಟಿಕೆಟ್ಟಿಗೆ ಬಂದ ಮಂದಿ ಬೆಂಚಿನ ಮೇಲಿದ್ದರು, ಬಾಗಿಲಲ್ಲಿ ಜೀಪ್ ಡ್ರೈವರ್‌ಗಳು.

"ಬೆಂಗಳೂರಿಂದ ಫೋನ್ ಬಂದಿತ್ತು. 'ಬಾಳೇಶ್, ತುಳಸಿ ಜೋಡಿಗೂ ಡಬಲ್ ರೂಮ್ ಪಕ್ಕಾ ಮಾಡ್ಕೊಳ್ಳೋಕೆ ಹೇಳಿ' ಅಂದ. ನಾ ಕೆದಕಿ ಕೇಳಿದೆ, ಎಲ್ಲಾ ಹೇಳಿದ. ಎಂಥಾ ಪಾರ್ಟಿಲೇ ಇದು?"

"ನಿಮಗ ಗೊತ್ತಾದದ್ದು ಛಲೋ ಆತ್ರಿ ಕಾಕಾ. ನನಗ ಹೇಳೂ ತ್ರಾಸ ತಪ್ಪಿತು."

"ನಾಲಿಗಿ ಉದ್ದ ಬಿಡಬ್ಯಾಡ. ಕಾಯ್ದೇದಾಗ ಗುನ್ನೆ ಐತಿ ಅದು."

"ಹಿಮಾ ನೋಡಾಕ ಹೋಗೂದು ಯಾವ ಕಾಯ್ದೇದಾಗ ಗುನ್ನೆರೀ? ಒಬ್ಬರನ್ನ ಒಬ್ಬರು ಇಷ್ಟಪಟ್ಟವರನ್ನ ಹಿಡದು ಒಳಗ ಹಾಕೂ ಕಾಯ್ದೆ ಇದ್ರ, ಆ ಕಾಯ್ದೆಗಽ ನಾಚಿಕಿ ಇಲ್ಲ."

ಬೆಂಚಿನ ಮೇಲೆ ಯಾರೋ ಕೆಮ್ಮಿದರು. ಕಾಕಾನ ಮುಖ ಕೆಂಪಾಯಿತು.

"ಒಂದೋ ಪಾರ್ಟಿ ಬಿಡು, ಇಲ್ಲಾ ಖುರ್ಚಿ ಬಿಡು."

"ಖುರ್ಚಿ ನಿಮ್ಮದು, ಇಟ್ಕೋರಿ. ಪಾರ್ಟಿ ನಂದು."

ಅದೇ ಹೊತ್ತಿಗೆ ತುಳಸಿ ಒಳಗೆ ಬಂದ. ಕಾಕಾ ಅವನ ಹೆಗಲ ಮೇಲೆ ಕೈ ಇಟ್ಟು ದನಿ ಇಳಿಸಿದ. "ನೀ ಛಲೋ ಹುಡುಗ. ಇವನ ಸಂಗಡ ನಿನ್ನ ಹೆಸರೂ ಹೊಲಸು ಆಗಾಕತ್ತೈತಿ. ಈಗಽ ಬೆಂಗಳೂರಿಗೆ ಫೋನ್ ಹಚ್ಚಿ, ಜೋಡಿ ಅಂದಿದ್ದನ್ನ ತಪ್ಪು ತಿಳ್ಕೊಂಡೀರಿ ಅಂತ ಎಲ್ಲಾರ ಮುಂದ ಹೇಳಿಬಿಡು. ನಾಳೆ ನಿಮ್ಮಣ್ಣ ಕೇಳಿದ್ರ ನಾ ಸಾಕ್ಷಿ ಹೇಳ್ತೇನಿ."

ತುಳಸಿ ನನ್ನನ್ನು ನೋಡಿದ. ಹೇಳು ಅಂತಲೂ ನಾನು ಅನ್ನಲಿಲ್ಲ, ಬೇಡ ಅಂತಲೂ ಅನ್ನಲಿಲ್ಲ. ಬೇಡಿಕೊಂಡು ಪಡೆಯುವ ಮಾತಲ್ಲ ಅದು.

ಅವನು ನಂಬರ್ ಒತ್ತಿ, ಸ್ಪೀಕರ್ ಹಾಕಿದ.

"ಸರ್, ನಾ ತುಳಸಿರಾಮ. ಅವತ್ತ ನಾ ಬಾಳ್ಯಾನ ಜೋಡಿ ಬರ್ತೇನಿ ಅಂದಿದ್ದೆ, ನೆನಪೈತ್ರಿ?"

"ಹೂಂ, ಏನಾಯ್ತು?"

"ಅದು ನಮ್ಮ ಕಡೆ ಮಾತು ಸರ್. ಜೊತಿಗೆ ಬರ್ತೇನಿ ಅಂತ, ಅಷ್ಟಽ ಅದರ ಅರ್ಥ."

"ಓ... ಸಾರಿ ತುಳಸಿರಾಮ್. ನಾವೇ ತಪ್ಪು ತಿಳ್ಕೊಂಡ್ವಿ."

ಅಂದಾನೆಪ್ಪ ಕಾಕಾ ತಲೆದೂಗಿದ. ನಾನು ಟೇಬಲ್ಲಿನ ಅಂಚು ಹಿಡಿದುಕೊಂಡೆ.

"ತಡೀರಿ ಸರ್, ಮುಗದಿಲ್ಲ" ಅಂದ ತುಳಸಿ. ದನಿ ತಗ್ಗಿಸಲಿಲ್ಲ. "ಅವತ್ತ ನಮ್ಮ ಕಡೆ ಮಾತಿನ್ಯಾಗ ಹೇಳಿದ್ದೆ. ಇವತ್ತ ನಿಮ್ಮ ಕಡೆ ಮಾತಿನ್ಯಾಗ ಹೇಳಾಕತ್ತೇನಿ. ನಾ ಬಾಳ್ಯಾನ ಜೋಡಿ. ಡಬಲ್ ರೂಮ್ ಹಂಗಽ ಇರ್ಲಿ."

ಶ್ರೀನಿಧಿಯ ಕೂಗು ಬಸ್ ಸ್ಟ್ಯಾಂಡಿನವರೆಗೂ ಕೇಳಿಸಿರಬೇಕು. ತುಳಸಿ ಫೋನ್ ಇಟ್ಟು, ಟೇಬಲ್ಲಿನ ಪೆನ್ನು ಎತ್ತಿ ಕಿವಿಗೆ ಸಿಕ್ಕಿಸಿಕೊಂಡ.

"ಇದು ಬಾಳ್ಯಾನ ಪೆನ್ನು ಕಾಕಾ, ಒಯ್ತೇನ್ರಿ. ನಡಿಯೋ, ಹೋಗೂಣು."

ಇಬ್ಬರೂ ಹೊರಗೆ ಬಿಸಿಲಿಗೆ ಬಂದೆವು. ನಾನು ಕೇಳಿದೆ, "ತುಳಜಪ್ಪಣ್ಣಗ ಏನ್ ಹೇಳ್ತಿ?"

"ಇದನ್ನಽ."

"ಯಾವಾಗ?"

"ನಾಳೆ ಅಲ್ಲ ಮಾರಾಯಾ. ಇವತ್ತಽ." ಹೇಳಿ, ಎದುರಿಗಿದ್ದ ಮುಂಡಗೋಡ ಬಸ್ ಹತ್ತಿಯೇಬಿಟ್ಟ.

ಮರುದಿನ ಟ್ರಂಕಿನ ಜೋಡಿ ಬಂದಿಳಿದ. ಎಡಗೆನ್ನೆ ಊದಿತ್ತು, ನಕ್ಕರೆ ಗುಳಿ ಬೀಳಲಿಲ್ಲ. "ಅಣ್ಣ ಹೊಡದ. ಅವ್ವ ಅತ್ತಳು. ನಾ ಹೇಳೂದು ಹೇಳಿದೆ" ಅಂದ. ಅವತ್ತು ಬಸ್ ಸ್ಟ್ಯಾಂಡಿನ ನಟ್ಟ ನಡುವೆ ಆ ಕೆನ್ನೆಗೆ ನಾನು ಅಂಗೈ ಇಟ್ಟೆ. ನೋಡುವವರು ನೋಡಿಕೊಂಡರು. ನನಗೇನು?

ಜನವರಿಯಲ್ಲಿ ಹೊರಟೆವು. ಲೋಂಡಾದಿಂದ ರೈಲು, ದಿಲ್ಲಿಯಲ್ಲಿ ಬೆಂಗಳೂರಿನ ಗುಂಪು ಕೂಡಿಕೊಳ್ಳುವುದಿತ್ತು. ಊರಿನ ಬಾಯಿಗೆ ಬೀಗ ಇರಲಿಲ್ಲ, ನಮ್ಮವ್ವ ಮಾಲವ್ವ ವಾರಗಟ್ಟಲೆ ನನ್ನೊಂದಿಗೆ ಮಾತು ಬಿಟ್ಟಿದ್ದಳು. ನಾನು ಬ್ಯಾಗು ಹೆಗಲಿಗೇರಿಸಿದಾಗ ಒಲೆಯ ಮುಂದಿನಿಂದ ಏಳದೆ, "ಅಲ್ಲೆ ಥಂಡಿ ಭಾಳಂತ. ಕಿವಿ ಕಟ್ಕೋ" ಅಂದಳು. ಹೊಸ್ತಿಲು ದಾಟುವಾಗ ಹಿಂದಿನಿಂದ ಮತ್ತೆ ದನಿ ಬಂತು. "ಅಂವಗೂ ಹೇಳು."

ಬಸ್ಸಿನಲ್ಲಿ ತುಳಸಿ ಆಗಲೇ ಕಿಟಕಿ ಹಿಡಿದು, ನನ್ನ ಜಾಗಕ್ಕೆ ಟವೆಲ್ ಹಾಸಿ ಕೂತಿದ್ದ. ಮೈಮೇಲೆ ನೀಲಿ ಸ್ವೆಟರ್, ಬಿಳಿ ಪಟ್ಟಿ. ನನ್ನದೂ ಅದೇ. ಕಂಡಕ್ಟರ್ ಬಂದು ನಮ್ಮಿಬ್ಬರ ಸ್ವೆಟರನ್ನೂ ಒಮ್ಮೆ ನೋಡಿ ಕೇಳಿದ.

"ಲೋಂಡಾ ಏನ್ರೀ? ಇವರು ನಿಮ್ಮ ಜೋಡಿ ಅದಾರೇನು?"

"ಹೌದ್ರಿ" ಅಂದೆ. "ನನ್ನ ಜೋಡಿ."

ಕಂಡಕ್ಟರ್ ಟಿಕೆಟ್ ಹರಿದು ಕೈಗಿಟ್ಟು ಮುಂದೆ ಹೋದ. ತುಳಸಿ ನನ್ನ ಕಡೆ ವಾಲಿದ. ಊತ ಇಳಿದ ಕೆನ್ನೆಯಲ್ಲಿ ಗುಳಿ ಬಿದ್ದಿತ್ತು.

"ಇನ್ನೊಮ್ಮೆ ಅನ್ನು."

ಅಂದೆ. ಈ ಸಲ ಹಿಂದಿನ ಸೀಟಿನವರೆಗೂ ಕೇಳುವ ಹಾಗೆ, ಬೆಂಗಳೂರಿನವರ ಅರ್ಥದಲ್ಲಿ ಅಂದೆ.