ಅಳಿಯನ ಉಸಿರಿಗೆ ಅತ್ತೆಯ ಸಾಕ್ಷಿ

“ಅವನಾ? ವಿಮಾನ ಹಾರಿಸೋದು... ಇವನಾ?”

ವರ್ಲೀನ್ ಪ್ರೂಯಿಟ್ ಗ್ರೇವಿಯ ಪಾತ್ರೆಯನ್ನು ಮೇಜಿನ ಮೇಲೆ ಕುಕ್ಕಿದ ರಭಸಕ್ಕೆ ಅರ್ಧ ಗ್ರೇವಿ ಹಾರಿ, ಚರ್ಚಿನಿಂದ ಬಂದು ಇನ್ನೂ ಟೈ ಬಿಚ್ಚದೆ ಕೂತಿದ್ದ ಗಂಡ ಹಾಯ್ಟ್‌ನ ಎದೆಯ ಮೇಲೆ ಬಿತ್ತು. ಹಾಯ್ಟ್ ಅದನ್ನು ಜೋಳದ ಬ್ರೆಡ್ಡಿನ ತುಂಡಿನಿಂದ ಒರೆಸಿ ಬಾಯಿಗೆ ಹಾಕಿಕೊಂಡ. ಮೂವತ್ತೆಂಟು ವರ್ಷ ಸಂಸಾರ ಮಾಡಿದ ಮನುಷ್ಯ; ಇಂಥದ್ದಕ್ಕೆಲ್ಲ ಬೆಚ್ಚುವವನಲ್ಲ.

“ಬೇರೆ ಯಾರಿದಾರೆ ಹೇಳು,” ಎಂದ. “ನನ್ನ ಎದೆಗೆ ಎರಡು ಸ್ಪ್ರಿಂಗ್ ಕೂರಿಸಿ, ಇನ್ನು ನೆಲದ ಮೇಲೇ ಇರಪ್ಪ ಅಂತ ಡಾಕ್ಟರು ಹೇಳಿಯಾಯ್ತು. ಏಪ್ರಿಲ್‌ಗೆ ಗದ್ದೆಗಳಿಗೆಲ್ಲ ವಿಮಾನದಿಂದ ಭತ್ತ ಬಿತ್ತಬೇಕು. ಒಂದೋ ವಿಮಾನ ಮಾರಬೇಕು, ಇಲ್ಲಾ ಟ್ರೆಂಟ್ ಹತ್ತಬೇಕು.”

“ಮಾರು!” ಎಂದಳು ವರ್ಲೀನ್. “ಕುಡುಕನ ಕೈಗೆ ಕೊಡೋದಕ್ಕಿಂತ ಗುಜರಿಗೆ ಹಾಕು!”

“ಅಮ್ಮಾ!” ಮಗಳು ಡಾರ್ಲಾಳ ಕಣ್ಣು ತುಂಬಿ ಬಂತು. “ಒಂಬತ್ತು ವರ್ಷದಿಂದ ಒಂದು ತೊಟ್ಟು ಮುಟ್ಟಿಲ್ಲ ಅವನು... ಇನ್ನೂ ಎಷ್ಟು ದಿನ ಚುಚ್ತೀಯಮ್ಮಾ?”

ಮೇಜಿನ ತುದಿಯಲ್ಲಿ ಕೂತಿದ್ದ ಟ್ರೆಂಟ್ ತಲೆ ಎತ್ತಲಿಲ್ಲ. ಕರಿದ ಬೆಂಡೆಕಾಯಿಯ ಒಂದೊಂದೇ ಹೋಳನ್ನು ಎಣಿಸುವವನಂತೆ ತಿನ್ನುತ್ತಿದ್ದ. ಇಪ್ಪತ್ತನಾಲ್ಕಕ್ಕೇ ಪೈಲಟ್ ಲೈಸೆನ್ಸ್ ಪಡೆದಿದ್ದ ಹುಡುಗ ಇಪ್ಪತ್ತಾರು ತುಂಬುವಷ್ಟರಲ್ಲಿ ಹನ್ನೊಂದು ತಿಂಗಳ ಅಂತರದಲ್ಲಿ ಎರಡು ಸಲ ಕುಡಿದು ಗಾಡಿ ಓಡಿಸಿ ಸಿಕ್ಕಿಬಿದ್ದಿದ್ದ. ಅಲ್ಲಿಗೆ ಅವನ ಮೆಡಿಕಲ್ ಸರ್ಟಿಫಿಕೇಟ್ ಹೋಯಿತು. ಅದಿಲ್ಲದ ಪೈಲಟ್ ಎಂದರೆ ರೆಕ್ಕೆ ಕತ್ತರಿಸಿದ ಕೋಳಿ. ಅಂದಿನಿಂದ ಮಾವನ ವಿಮಾನಪಟ್ಟಿಯಲ್ಲಿ ಔಷಧಿ ಕಲಸುವುದು, ಟ್ಯಾಂಕಿಗೆ ತುಂಬಿಸುವುದು, ಮಾವ ಆ ಹಳದಿ ವಿಮಾನದಲ್ಲಿ ಏರಿ ಗದ್ದೆಗಳ ಮೇಲೆ ಹೊಡೆದು ಬರುವುದನ್ನು ಕತ್ತೆತ್ತಿ ನೋಡುವುದು, ಇಷ್ಟೇ ಅವನ ಬದುಕಾಗಿತ್ತು.

“ಅತ್ತೆ ಹೇಳೋದರಲ್ಲಿ ತಪ್ಪೇನಿದೆ,” ಎಂದ ಮೆಲ್ಲಗೆ. “ಆದ್ರೂ... ಒಂದು ಸಲ ಕೇಳಿ ನೋಡ್ತೀನಿ. ಆಗಲ್ಲ ಅಂದ್ರೆ ಆಗಲ್ಲ ಅಂತ ಅವರೇ ಹೇಳಲಿ.”

ಕೇಳಿ ನೋಡುವುದು ಅಷ್ಟು ಸುಲಭವಿರಲಿಲ್ಲ. ಅರ್ಜಿಯಲ್ಲಿ ‘ಎಂದಾದರೂ ಕುಡಿದು ವಾಹನ ಚಲಾಯಿಸಿದ ಪ್ರಕರಣ ಇದೆಯೇ?’ ಎಂಬ ಪ್ರಶ್ನೆಯ ಮುಂದೆ ‘ಹೌದು’ ಎಂದು ಗುರುತು ಹಾಕಿದವನಿಗೆ ಊರ ಡಾಕ್ಟರು ಸರ್ಟಿಫಿಕೇಟ್ ಕೊಡುವಂತಿಲ್ಲ. (ಗುರುತು ಹಾಕುವಾಗ ವರ್ಲೀನ್ ಹಿಂದೆಯೇ ನಿಂತು, “ಇನ್ನೂ ಗಟ್ಟಿಯಾಗಿ ಒತ್ತು, ಕಾಣಬೇಕು,” ಎಂದಿದ್ದಳು.) ಇಂಥ ಪ್ರಕರಣಗಳಿಗೆಂದೇ ತರಬೇತಾದ ಡಾಕ್ಟರು ಮೆಂಫಿಸ್‌ನಲ್ಲಿದ್ದರು. ಕೋರ್ಟಿನ ಹಳೆಯ ಕಾಗದ, ಮನೋವೈದ್ಯರ ವರದಿ, ಹೇಳದೆ ಕೇಳದೆ ಕರೆದು ಮಾಡುವ ರಕ್ತ–ಮೂತ್ರ ಪರೀಕ್ಷೆ, ಎಲ್ಲ ಸೇರಿದ ಕಡತ ವಿಮಾನ ಇಲಾಖೆಗೆ ಹೋಗಬೇಕು. ಅಂತಿಮ ಮಾತು ಅವರದು.

ಡಾಕ್ಟರ್ ಟಿಲ್ಮನ್ ಎಂಬ ಆ ಹಿರಿಯ ಹೆಂಗಸು ಕನ್ನಡಕದ ಮೇಲಿಂದ ನೋಡಿ ಕೇಳಿದರು: “ದಿನಾ ನಿನ್ನ ನೋಡೋರು, ನಿನ್ನ ಮೇಲೆ ಕಣ್ಣಿಟ್ಟು ತಿಂಗಳಿಗೊಂದು ಪತ್ರ ಬರೆಯೋರು ಯಾರಾದ್ರೂ ಬೇಕು. ಹೆಂಡತಿ ಬೇಡ, ಹೆಂಡತೀರು ಮುಚ್ಚಿಡ್ತಾರೆ. ನಿನಗೋಸ್ಕರ ಸುಳ್ಳು ಹೇಳೋಕೆ ಕಾರಣವೇ ಇಲ್ಲದಂಥವರು ಯಾರಾದ್ರೂ ಇದಾರಾ?”

ಟ್ರೆಂಟ್ ಒಂದು ಕ್ಷಣವೂ ಯೋಚಿಸಲಿಲ್ಲ. “ಒಬ್ಬರಿದಾರೆ ಮೇಡಂ.”

ವರ್ಲೀನ್‌ಗೆ ಆ ಸುದ್ದಿ ಕೇಳಿ ಹಬ್ಬವಾಯಿತು! ಚರ್ಚಿನ ಪಾನನಿಷೇಧ ಸಮಿತಿಗೆ ಇಪ್ಪತ್ತೆರಡು ವರ್ಷದಿಂದ ಅಧ್ಯಕ್ಷೆ ಆಕೆ. ಮದ್ಯದಂಗಡಿಯೇ ಇರದ ಆ ಜಿಲ್ಲೆಗೆ ಅಂಗಡಿ ತರಬೇಕೆಂದು ಮೂರು ಸಲ ಮತಕ್ಕೆ ಬಂದಾಗಲೂ ಮನೆಮನೆ ಹತ್ತಿ ಸೋಲಿಸಿದವಳು. ಮರುದಿನವೇ ಪಟ್ಟಣಕ್ಕೆ ಹೋಗಿ ಉಸಿರು ಊದಿಸಿ ನೋಡುವ ಯಂತ್ರ ತಂದಳು. ಕೈಚೀಲದಲ್ಲಿ ಬೈಬಲ್ಲಿನ ಪಕ್ಕದಲ್ಲೇ ಅದಕ್ಕೆ ಜಾಗವಾಯಿತು.

ಅಲ್ಲಿಂದ ಶುರುವಾಯಿತು ಟ್ರೆಂಟ್‌ನ ಗ್ರಹಚಾರ. ಕ್ಷೌರದಂಗಡಿಯಲ್ಲಿ ಅರ್ಧ ತಲೆ ಬೋಳಿಸಿಕೊಂಡು ಕೂತಿದ್ದಾಗ ಬಾಗಿಲು ತೆಗೆದು ಬಂದು, “ಊದು!” ಎಂದಳು. ಹಲ್ಲಿನ ಡಾಕ್ಟರ ಕುರ್ಚಿಯಲ್ಲಿ ಬಾಯಿ ಮರಗಟ್ಟಿ ಜೊಲ್ಲು ಸುರಿಯುತ್ತಿದ್ದಾಗ, “ಊದು!” ಹಾಯ್ಟ್‌ನ ಚಿಕ್ಕಮ್ಮನ ಶವಸಂಸ್ಕಾರದಲ್ಲಿ ಶವಪೆಟ್ಟಿಗೆಗೆ ಹೆಗಲು ಕೊಟ್ಟು ಹೊರಟವನನ್ನು ಅಡ್ಡಹಾಕಿದಾಗ ಮಾತ್ರ ಅವನು ಮೊದಲ ಬಾರಿ ತಡೆದ.

“ಅತ್ತೆ, ಇಳಿಸಿ ಬಂದು ಊದ್ಲಾ?”

“ಅಷ್ಟರಲ್ಲಿ ವಾಸನೆ ಹೋಗ್ಬಿಟ್ರೆ? ಚಿಕ್ಕಮ್ಮನಿಗೇನು ಅವಸರವಿಲ್ಲ. ಊದು!”

ಪ್ರತಿ ಸಲವೂ ಸೊನ್ನೆ. ವರ್ಲೀನ್ ಯಂತ್ರವನ್ನು ತೊಡೆಗೆ ಬಡಿದು ಇನ್ನೊಮ್ಮೆ ಊದಿಸುತ್ತಿದ್ದಳು. ಮತ್ತೆ ಸೊನ್ನೆ. ತಿಂಗಳ ಪತ್ರದಲ್ಲಿ ‘ಈ ತಿಂಗಳೂ ಸಿಕ್ಕಿಬಿದ್ದಿಲ್ಲ’ ಎಂದು ಬರೆಯುವಾಗ ಆಕೆಯ ಮುಖ ಹುಳಿ ಕಚ್ಚಿದಂತಿರುತ್ತಿತ್ತು.

ಹೀಗೇ ಡಿಸೆಂಬರ್ ಬಂತು. ಕ್ರಿಸ್‌ಮಸ್‌ಗೆ ವರ್ಲೀನ್ ಮಾಡುವ ಹಣ್ಣಿನ ಕೇಕಿಗೆ ಇಡೀ ಚರ್ಚು ಕಾಯುತ್ತಿತ್ತು. ದ್ರಾಕ್ಷಿರಸದಲ್ಲಿ ವಾರಗಟ್ಟಲೆ ನೆನೆಸಿಡುತ್ತೇನೆ, ಅದೇ ಗುಟ್ಟು ಎನ್ನುತ್ತಿದ್ದಳು. ಒಂದು ಭಾನುವಾರ ಮಧ್ಯಾಹ್ನ ಮೊದಲ ಕೇಕ್ ಕೊಯ್ದಾಗ ಟ್ರೆಂಟ್ ಒಂದು ಹೋಳು ತಿಂದು ಕಣ್ಣು ಮುಚ್ಚಿ, “ಅತ್ತೆ, ನನ್ನಮ್ಮ ಹೋದ ಮೇಲೆ ಇಷ್ಟು ರುಚಿಯಾದ್ದು ನಾನು ತಿಂದೇ ಇಲ್ಲ,” ಎಂದುಬಿಟ್ಟ. ಒಂಬತ್ತು ವರ್ಷದಲ್ಲಿ ಅವನು ಆಡಿದ ಒಂದು ಮಾತು ಆಕೆಯ ಎದೆಗೆ ತಾಗಿದ್ದು ಅದೇ ಮೊದಲು. “ತಿನ್ನು, ತಿನ್ನು, ಒಣಗಿದ ಕಡ್ಡಿ ಹಂಗಿದೀಯ,” ಎನ್ನುತ್ತ ಅರ್ಧ ಕೇಕನ್ನೇ ಅವನ ತಟ್ಟೆಗೆ ಹಾಕಿದಳು!

ಸೋಮವಾರ ಬೆಳಿಗ್ಗೆ ಮೆಂಫಿಸ್‌ನಿಂದ ಪರೀಕ್ಷೆಗೆ ಕರೆ ಬಂತು. ಬುಧವಾರ ಡಾಕ್ಟರ್ ಟಿಲ್ಮನ್ ಫೋನ್ ಮಾಡಿದರು. ಮೂತ್ರದಲ್ಲಿ ಮದ್ಯದ ಗುರುತು ಸಿಕ್ಕಿದೆ... ತುಂಬ ಕಡಿಮೆ, ಆದರೆ ಇದೆ. ಕಾರಣವಿದ್ದರೆ ಒಂದು ವಾರದೊಳಗೆ ಬಂದು ಹೇಳಬೇಕು. ಇಲ್ಲದಿದ್ದರೆ ಇದ್ದದ್ದನ್ನು ಇದ್ದ ಹಾಗೆ ಬರೆದು ಕಳಿಸುತ್ತೇನೆ.

ಮನೆಯ ಮೇಲೆ ಸಿಡಿಲು ಬಡಿದಂತಾಯಿತು. “ನನ್ನ ಕಣ್ಣು ನೋಡಿ ಹೇಳು ಟ್ರೆಂಟ್... ಕುಡಿದ್ಯಾ?” ಡಾರ್ಲಾ ಅವನ ಅಂಗಿ ಹಿಡಿದು ಜಗ್ಗಿದಳು. “ಇಲ್ಲ ಕಣೇ! ನಿನ್ನಾಣೆ ಇಲ್ಲ!” “ಹಂಗಾದ್ರೆ ಅದು ಆಕಾಶದಿಂದ ಉದುರಿತಾ?” ಟ್ರೆಂಟ್ ಕೆಮ್ಮಿನ ಔಷಧಿಯ ಸೀಸೆ ನೋಡಿದ, ಬಾಯಿ ಮುಕ್ಕಳಿಸುವ ನೀರು ನೋಡಿದ, ಗಡ್ಡಕ್ಕೆ ಹಚ್ಚುವ ಎಣ್ಣೆಯನ್ನೂ ಮೂಸಿ ನೋಡಿದ. ಕೊನೆಗೆ ತನ್ನ ಮೇಲೆ ತನಗೇ ಸಂಶಯ ಬಂದು, “ಮಾವ, ನಿದ್ದೆಗಣ್ಣಲ್ಲಿ ಎದ್ದು ಹೋಗಿ ಕುಡಿದು ಬರೋರು ಇರ್ತಾರಾ?” ಎಂದು ಕೇಳಿದ. “ಹತ್ತಿರದ ಅಂಗಡಿಗೆ ಮೂವತ್ತೊಂದು ಮೈಲಿ ಕಣೋ,” ಎಂದ ಹಾಯ್ಟ್. “ಅಷ್ಟು ದೂರ ನಡೆದಿದ್ರೆ ಕಾಲಾದ್ರೂ ನೋಯಬೇಕಿತ್ತು.” ಹೇಳಿ ನಗಲು ನೋಡಿದ, ನಗು ಬರಲಿಲ್ಲ. ಎದ್ದು ಹೋಗಿ, ವಿಮಾನ ಕೊಳ್ಳಲು ಕೇಳಿದ್ದ ಮಿಸೌರಿಯ ಪಾರ್ಟಿಗೆ ಫೋನ್ ಮಾಡಿದ.

ಆ ಮನೆಯಲ್ಲಿ ಸತ್ಯ ಗೊತ್ತಿದ್ದದ್ದು ಒಬ್ಬಳಿಗೇ. ತಾನು ತಿಂದು ಮೇಕೆಯ ಬಾಯಿಗೆ ಒರೆಸಿದ ಕೋತಿಯಂತೆ ವರ್ಲೀನ್ ಅಡುಗೆಮನೆಯಲ್ಲಿ ಮುಖ ಮರೆಸಿಕೊಂಡು ನಿಂತಿದ್ದಳು. ದ್ರಾಕ್ಷಿರಸವಂತೆ, ದ್ರಾಕ್ಷಿರಸ! ಆ ಕೇಕಿಗೆ ಪ್ರತಿ ನವೆಂಬರ್‌ನಲ್ಲಿ ಬೀಳುತ್ತಿದ್ದದ್ದು ಎರಡು ಬಾಟಲಿ ಬ್ರಾಂಡಿ. ಅವಳ ಅಜ್ಜಿಯ ಕಾಲದಿಂದ ಬಂದ ಪಾಕ ಅದು. ತಲೆಗೆ ಸ್ಕಾರ್ಫ್ ಕಟ್ಟಿ, ಕಪ್ಪು ಕನ್ನಡಕ ಹಾಕಿ, ಮೂವತ್ತೊಂದು ಮೈಲಿ ದಾಟಿ ಹೋಗಿ ತರುತ್ತಿದ್ದಳು. ಕೇಕಲ್ಲವೇ, ಬೆಂದ ಮೇಲೆ ಏನುಳಿಯುತ್ತದೆ ಎಂದು ಮನಸ್ಸಿಗೆ ಸಮಾಧಾನ ಹೇಳುತ್ತಿದ್ದಳು. ಆದರೆ ಎರಡನೇ ಬಾಟಲಿ ಬೀಳುತ್ತಿದ್ದದ್ದು ಬೆಂದ ಮೇಲೆ!

ಬಾಯಿ ಮುಚ್ಚಿಕೊಂಡಿದ್ದರೆ ಸಾಕಿತ್ತು. ಒಂಬತ್ತು ವರ್ಷದಿಂದ ಅವಳು ಬೇಡಿದ್ದು ಅದನ್ನೇ ಅಲ್ಲವೇ? ಅಳಿಯ ಕುಡುಕನೆಂದು ಊರೇ ಒಪ್ಪುತ್ತಿತ್ತು, ತನ್ನ ಮಾತೇ ನಿಜವಾಗುತ್ತಿತ್ತು. ಎರಡು ದಿನ ಸುಮ್ಮನಿದ್ದಳು. ಮೂರನೇ ದಿನ ಕಿಟಕಿಯಿಂದ ನೋಡಿದರೆ, ಟ್ರೆಂಟ್ ಮಾರಾಟಕ್ಕೆ ಸಿದ್ಧವಾದ ವಿಮಾನವನ್ನು ತೊಳೆಯುತ್ತಿದ್ದ. ತಾನು ಎಂದೂ ಕೂರದ ಆ ಸೀಟನ್ನು ಬಟ್ಟೆಯಲ್ಲಿ ಒರೆಸಿ ಒರೆಸಿ ನಿಂತು, ಆಮೇಲೆ ಅದೇ ಬಟ್ಟೆಯಲ್ಲಿ ಮುಖ ಒರೆಸಿಕೊಂಡ.

ವರ್ಲೀನ್ ಕೈಚೀಲ ಎತ್ತಿಕೊಂಡು ಹೊರಗೆ ಬಂದಳು. “ಗಾಡಿ ತೆಗಿ.”

“ಎಲ್ಲಿಗೆ ಅತ್ತೆ?”

“ಮೆಂಫಿಸ್‌ಗೆ. ಏನೂ ಕೇಳ್ಬೇಡ. ಕೇಳಿದ್ರೆ ಇಳಿದುಬಿಡ್ತೀನಿ!”

ಡಾಕ್ಟರ್ ಟಿಲ್ಮನ್‌ರ ಮುಂದೆ ಕೂತು ಆಕೆ ಕೈಚೀಲವನ್ನು ತೊಡೆಯ ಮೇಲಿಟ್ಟುಕೊಂಡಳು. ಮೊದಲು ಹವಾಮಾನದ ಮಾತಾಡಿದಳು. ಆಮೇಲೆ ತನ್ನ ಅಜ್ಜಿ ಎಂಥ ದೈವಭಕ್ತೆ ಎಂದು ಹೇಳಿದಳು. ಆಮೇಲೆ ಒಣದ್ರಾಕ್ಷಿಯ ಬೆಲೆ ಹೇಳಿದಳು. ಡಾಕ್ಟರು ಪೆನ್ನು ಕೆಳಗಿಟ್ಟರು.

“ವರ್ಲೀನ್, ನೀವು ಬಂದಿದ್ದು ಯಾಕೆ?”

“ಬ್ರಾಂಡಿ!” ಎಂದು ಕಿರುಚಿದಳು ವರ್ಲೀನ್. ಹೊರಗೆ ಕಾಯುತ್ತಿದ್ದವರೂ ತಿರುಗಿ ನೋಡಿದರು. “ಕೇಕಿನಲ್ಲಿತ್ತು! ನಾನೇ ಹಾಕಿದ್ದು, ನಾನೇ ಅರ್ಧ ಕೇಕ್ ತಿನ್ನಿಸಿದ್ದು! ಅವನಿಗೆ ಗೊತ್ತಿರಲಿಲ್ಲ. ಯಾರಿಗೂ ಗೊತ್ತಿಲ್ಲ... ದೇವರನ್ನ ಬಿಟ್ಟು. ನನ್ನ ಮೇಲೆ ಏನು ಬೇಕಾದ್ರೂ ಬರ್ಕೊಳ್ಳಿ. ಇವನು ಕುಡಿದಿಲ್ಲ ಡಾಕ್ಟರೇ! ನಾನು ಹಿಡಿಯಬೇಕು ಅಂತಲೇ ಕಾಯ್ತಿದ್ದೆ. ಹೆಣದ ಮುಂದೆ ನಿಲ್ಲಿಸಿ ಊದಿಸಿದ್ದೀನಿ. ಕುಡಿದಿದ್ರೆ ನನಗೆ ಸಿಗದೇ ಇರ್ತಿದ್ನಾ?”

ಟ್ರೆಂಟ್ ಬಾಯಿ ತೆರೆದು ಕೂತಿದ್ದ. ಡಾಕ್ಟರ ತುಟಿಯ ಅಂಚು ಅದುರಿತು. ಬಹಳ ಕಷ್ಟಪಟ್ಟು ನಗು ತಡೆದುಕೊಂಡರು. “ಅವತ್ತೇ ರಕ್ತಾನೂ ತೆಗೆದಿದ್ವಿ. ಅದು ಮೂರು ನಾಲ್ಕು ವಾರದ ಕಥೆ ಹೇಳುತ್ತೆ, ನಿನ್ನೆ ಸಂಜೆ ವರದಿ ಬಂತು. ರಕ್ತ ಶುದ್ಧವಾಗಿದೆ. ಹಾಗಾದ್ರೆ ಮೂತ್ರದಲ್ಲಿ ಹೇಗೆ ಬಂತು ಅನ್ನೋದೊಂದೇ ಬಗೆಹರಿದಿರಲಿಲ್ಲ. ಈಗ ಹೇಳಿದ್ದನ್ನೆಲ್ಲ ಬರೆದು ಸಹಿ ಮಾಡ್ತೀರಾ?”

“ಸಹಿಯಾ...” ವರ್ಲೀನ್ ಧ್ವನಿ ಇಳಿಯಿತು. “ಅದನ್ನ ಎಷ್ಟು ಜನ ಓದ್ತಾರೆ?”

“ಓದಬೇಕಾದವರು ಓದ್ತಾರೆ.”

ಆಕೆ ಕಣ್ಣೊರೆಸಿಕೊಂಡು ಬರೆದಳು. ಬ್ರಾಂಡಿಯ ಹೆಸರು, ಬಾಟಲಿ ಎಷ್ಟು, ಎಷ್ಟು ವರ್ಷದಿಂದ, ಒಂದನ್ನೂ ಬಿಡಲಿಲ್ಲ. ಕೊನೆಗೆ ಕೇಳದಿದ್ದರೂ ಒಂದು ಸಾಲು ಸೇರಿಸಿದಳು: ‘ನನ್ನ ಅಳಿಯ ಸತ್ಯವಂತ.’

ಗಾಡಿ ಮಿಸಿಸಿಪ್ಪಿ ಸೇತುವೆ ದಾಟಿತು. ಆಮೇಲೆ ವರ್ಲೀನ್ ಕಿಟಕಿಯ ಕಡೆ ಮುಖ ಮಾಡಿಕೊಂಡೇ ಹೇಳಿದಳು. “ಎರಡನೇ ಸಲ ಕುಡಿದು ನೀನು ಗಾಡಿ ಕಾಲುವೆಗೆ ಇಳಿಸಿದಾಗ ನನ್ನ ಮಗಳು ನಿನ್ನ ಪಕ್ಕದಲ್ಲಿದ್ದಳು. ನಾನು ಬಂದಾಗ ಅವಳ ಒಂದು ಚಪ್ಪಲಿ ನೀರಿನ ಮೇಲೆ ತೇಲ್ತಿತ್ತು. ಬರೀ ಚಪ್ಪಲಿ... ಅವಳು ದಡದಲ್ಲಿ ಕೂತಿದಾಳೆ ಅಂತ ಗೊತ್ತಾಗೋಕೆ ಒಂದು ನಿಮಿಷ ಹಿಡೀತು. ಆ ಒಂದು ನಿಮಿಷಾನ ನಾನು ಒಂಬತ್ತು ವರ್ಷದಿಂದ ನುಂಗೋಕಾಗಿಲ್ಲ ಕಣಪ್ಪಾ!”

ಟ್ರೆಂಟ್ ಗಾಡಿಯನ್ನು ರಸ್ತೆಯ ಬದಿಗೆ ನಿಲ್ಲಿಸಿದ. “ನಾನೂ ನುಂಗಿಲ್ಲ ಅತ್ತೆ,” ಎಂದ. “ಕ್ಷಮಿಸಿ ಅಂತ ಕೇಳೋಕೆ ಒಂಬತ್ತು ವರ್ಷದಿಂದ ನಿಮ್ಮ ಮುಖ ನೋಡ್ತಿದ್ದೆ. ನೀವು ತಿರುಗ್ತಾನೇ ಇರಲಿಲ್ಲ...”

ಅವಳು ತಿರುಗಿದಳು. ಇಬ್ಬರೂ ಅತ್ತರು. ಹಿಂದಿನಿಂದ ಬಂದ ಲಾರಿಯವನು ಗಾಡಿ ಕೆಟ್ಟಿದೆಯೆಂದು ತಿಳಿದು ನಿಲ್ಲಿಸಿ, “ಜಾಕ್ ಬೇಕೇನಮ್ಮಾ?” ಎಂದು ಕೇಳಿದ. “ನಮ್ಮ ಮನೆ ವಿಷಯ, ನೀನು ಹೋಗಪ್ಪಾ!” ಎಂದು ವರ್ಲೀನ್ ಗದರಿದಳು.

ಆ ಭಾನುವಾರವೇ ಅವಳು ಸಮಿತಿಯ ಅಧ್ಯಕ್ಷಗಿರಿ ಬಿಟ್ಟಳು. ಇಡೀ ಚರ್ಚಿನ ಮುಂದೆ ಎದ್ದು ನಿಂತು, ಕಾರಣವನ್ನೂ ಮರೆಮಾಚದೆ ಹೇಳಿದಳು. ಪಾದ್ರಿಯ ಹೆಂಡತಿ ಪಕ್ಕದವಳ ಕಿವಿಯಲ್ಲಿ ಪಿಸುಗುಟ್ಟಿದ್ದು ಹಿಂದಿನ ಸಾಲಿಗೂ ಕೇಳಿಸಿತು: “ಕ್ರಿಸ್‌ಮಸ್ ವಾರದಲ್ಲಿ ನಮ್ಮ ಯಜಮಾನರ ಪ್ರವಚನ ಯಾಕೆ ಅಷ್ಟು ಉದ್ದ ಆಗುತ್ತೆ ಅಂತ ಈಗ ಗೊತ್ತಾಯ್ತು ನೋಡು.”

ಮಾರ್ಚ್ ಕೊನೆಯ ವಾರ ಇಲಾಖೆಯ ಪತ್ರ ಬಂತು. ಪರೀಕ್ಷೆಗಳು ಮುಂದೆಯೂ ನಡೆಯುತ್ತವೆ, ಒಂದು ತೊಟ್ಟು ಕುಡಿದರೂ ಕೊಟ್ಟದ್ದು ವಾಪಸು. ಈ ಷರತ್ತುಗಳ ಮೇಲೆ ಸರ್ಟಿಫಿಕೇಟ್ ಮಂಜೂರಾಗಿತ್ತು. ಡಾರ್ಲಾ ಗಂಡನ ಕೊರಳಿಗೆ ಜೋತುಬಿದ್ದಳು. ಹಾಯ್ಟ್ ಮಿಸೌರಿಯವನಿಗೆ ಫೋನ್ ಮಾಡಿ, “ವಿಮಾನ ಇಲ್ಲ, ಬೇಕಾದ್ರೆ ಕೇಕಿದೆ,” ಎಂದ.

ಹಾಯ್ಟ್‌ನ ಹಳೆಯ ಪೈಲಟ್ ಗೆಳೆಯನೊಬ್ಬ ಬಂದು ಟ್ರೆಂಟ್‌ಗೆ ಕೈ ತಿದ್ದಿಸಿದ. ಏಪ್ರಿಲ್ ನಡುವಿನಲ್ಲಿ, ಸೂರ್ಯ ಎದ್ದು ಗದ್ದೆಯ ನೀರೆಲ್ಲ ಹೊಳೆಯುವ ಹೊತ್ತಿಗೆ ಅವನು ಒಬ್ಬನೇ ಆ ಹಳದಿ ವಿಮಾನ ಏರಿದ. ಪೈಪು ಹಿಡಿದು ಟ್ಯಾಂಕಿಗೆ ಬೀಜ ತುಂಬಿಸಲು ಯಾರೂ ಹೇಳದೆಯೇ ಹಾಯ್ಟ್ ಮುಂದೆ ಬಂದ. ನಲವತ್ತು ವರ್ಷ ಆ ಸೀಟಿನಲ್ಲಿ ಕೂತ ಮನುಷ್ಯ ರಬ್ಬರ್ ಬೂಟು ಹಾಕಿ ಕೆಳಗೆ ನಿಂತಿದ್ದ. ಮುಚ್ಚಳ ಬಿಗಿದು ರೆಕ್ಕೆಯನ್ನೊಮ್ಮೆ ಸವರಿದ. ಬೇಗ ಪಕ್ಕಕ್ಕೆ ಸರಿದು ಬೆನ್ನು ತಿರುಗಿಸಿದ. ಅವನ ಭುಜ ಅಲುಗುತ್ತಿತ್ತು.

ಮದುವೆಯಾದಾಗಿನಿಂದ ವರ್ಲೀನ್ ಒಂದು ದಿನವೂ ವಿಮಾನ ಏಳುವುದನ್ನು ನೋಡಿದವಳಲ್ಲ. ಇಂಜಿನ್ ಸದ್ದು ಕೇಳಿದೊಡನೆ ಒಳಗೆ ಹೋಗಿ ಕದ ಹಾಕಿಕೊಂಡು, ಅದು ಇಳಿಯುವವರೆಗೆ ಪಾತ್ರೆ ತೊಳೆಯುತ್ತಿದ್ದಳು, ತೊಳೆದದ್ದನ್ನೇ ತೊಳೆಯುತ್ತಿದ್ದಳು. ಇವತ್ತು ಒಳಗೆ ಹೋಗಲಿಲ್ಲ. ಬಂದು ಗಂಡನ ಪಕ್ಕ ನಿಂತು, ಅವನ ಒದ್ದೆ ಕೈಯನ್ನು ಹಿಡಿದುಕೊಂಡು, ಒಂದು ಕಣ್ಣು ಮುಚ್ಚಿ ಇನ್ನೊಂದರಲ್ಲಿ ನೋಡಿದಳು.

ವಿಮಾನ ಗದ್ದೆಯ ತುದಿಯಲ್ಲಿ ಕೆಳಗಿಳಿದು ಹಾರಿತು.

“ತಂತಿ! ಮುಂದೆ ಕರೆಂಟ್ ತಂತಿ! ಮೇಲೆತ್ತು, ಮೇಲೆತ್ತೋ ನನ್ನಪ್ಪಾ!”

“ಅವನಿಗೆ ಕೇಳಲ್ಲ ಕಣೇ,” ಎಂದ ಹಾಯ್ಟ್, ಮೂಗೊರೆಸಿಕೊಳ್ಳುತ್ತ. “ನಾನು ಹಾರಿಸ್ತಿದ್ದಾಗ ನೀನು ಒಂದಿನಾನೂ ಹೀಗೆ ಕೂಗಲಿಲ್ಲವಲ್ಲೇ?”

“ಕೂಗ್ತಿದ್ದೆ,” ಎಂದಳು ವರ್ಲೀನ್. “ನಲ್ಲಿ ಬಿಟ್ಕೊಂಡು ಕೂಗ್ತಿದ್ದೆ.”

ಟ್ರೆಂಟ್ ತಂತಿಯ ಮೇಲೆ ಲೀಲಾಜಾಲವಾಗಿ ಏರಿ, ಹೊರಳಿ, ಮತ್ತೆ ಗದ್ದೆಗೆ ಬಾಗಿದ. ವರ್ಲೀನ್ ಎರಡನೇ ಕಣ್ಣನ್ನೂ ಬಿಟ್ಟಳು.