ಬಲಗಿವಿಗೆ ಹೇಳಿದ ಮಾತು

ಕ್ಲಾಸಿನವರೆಲ್ಲ ಅವಳನ್ನು ರೇಡಿಯೋ ಎಂದೇ ಕರೆಯುತ್ತಿದ್ದರು; ಬಾಯಿಗೆ ಬೀಗವಿಲ್ಲದ ಹುಡುಗಿ. ಎಂಜಿನಿಯರಿಂಗ್ ಕಾಲೇಜಿನ ಕಮ್ಯುನಿಕೇಷನ್ ಲ್ಯಾಬಿನಲ್ಲಿ ಅವಳಿಗೆ ಜೋಡಿಯಾಗಿ ಸಿಕ್ಕವನೋ ಹತ್ತು ಮಾತಿಗೊಂದು ಮುಗುಳ್ನಗೆ ಕೊಡುವವನು. ಎಲ್ಲರ ಬಾಯಲ್ಲೂ ಅವನು ಮುನಿ.

ಒಂದು ಮಧ್ಯಾಹ್ನ ಮುನಿ ಆಸಿಲೋಸ್ಕೋಪಿನ ಮುಂದೆ ಬಾಗಿ, ಪರದೆಯ ಮೇಲೆ ಓಡುತ್ತಿದ್ದ ಎಫ್‌ಎಂ ಅಲೆಯನ್ನು ನಿಲ್ಲಿಸಲು ನಾಬ್ ತಿರುಗಿಸುತ್ತಿದ್ದ. ಅವನ ಬಲಕ್ಕೆ ನಿಂತಿದ್ದ ಅವಳು, ಹಣೆಗೆ ಜಾರಿದ ಕೂದಲನ್ನೂ ಗಂಟಿಕ್ಕಿದ ಹುಬ್ಬನ್ನೂ ನೋಡುತ್ತ ನೋಡುತ್ತ, ತಡೆಯಲಾರದೆ ಹೇಳಿಯೇಬಿಟ್ಟಳು.

“ನೀನಂದ್ರೆ ನಂಗೆ ತುಂಬಾ ಇಷ್ಟ ಕಣೋ.”

ಅವನು ತಿರುಗಲಿಲ್ಲ. ನಾಬಿನ ಮೇಲಿನ ಬೆರಳು ಮಾತ್ರ ಒಂದು ಗಳಿಗೆ ನಿಂತಿತು. “ಅಲೆ ಎತ್ತರ ಜಾಸ್ತಿಯಾಯ್ತು, ಆಂಪ್ಲಿಟ್ಯೂಡ್ ಸ್ವಲ್ಪ ಕಡಿಮೆ ಮಾಡ್ತೀಯಾ?” ಎಂದ.

ನೆಲ ಬಾಯಿಬಿಡಬಾರದೇ ಎನ್ನಿಸಿತು ಅವಳಿಗೆ. ಮರುವಾರವೇ ಬೇರೆ ಬೆಂಚಿಗೆ ಹೋದಳು. ಅವನ ಕಡೆ ಕಣ್ಣೆತ್ತಿಯೂ ನೋಡಲಿಲ್ಲ; ನೋಡಿದ್ದು ಯಾರಿಗೂ ಗೊತ್ತಾಗಲಿಲ್ಲ, ಅಷ್ಟೆ.

ಲ್ಯಾಬಿನ ಮೌಖಿಕ ಪರೀಕ್ಷೆಯ ದಿನ ಬಾಗಿಲಾಚೆ ಕಾಯುತ್ತಿದ್ದವಳಿಗೆ ಒಳಗಿನದೆಲ್ಲ ಕಾಣುತ್ತಿತ್ತು, ಕೇಳಿಸುತ್ತಿತ್ತು. ಪರೀಕ್ಷಕರು ಮುನಿಯ ಬಲಗಡೆ ನಿಂತು, “ಅನಲಾಗ್ ಬಿಟ್ಟು ಡಿಜಿಟಲ್ಲಿಗೆ ಯಾಕೆ ಹೋದ್ವಿ?” ಎಂದು ಕೇಳಿದರು. ಅವನು ಕಿಟಕಿಯತ್ತ ನೋಡುತ್ತ ಸುಮ್ಮನಿದ್ದ. ಮತ್ತೆ ಕೇಳಿದರೂ ಉತ್ತರವಿಲ್ಲ.

“ಏನಪ್ಪಾ, ಗೋಡೆ ಜೊತೆ ಮಾತಾಡ್ತಿದೀನಾ ನಾನು?” ಎಂದು ಗದರುತ್ತ ಅವರು ಎದುರಿಗೆ ಬಂದಾಗ ಅವನು ಬೆಚ್ಚಿಬಿದ್ದು, ಅವರ ತುಟಿಗಳನ್ನೇ ದಿಟ್ಟಿಸಿದ.

ಅವತ್ತು ತಾನೂ ಅವನ ಬಲಕ್ಕೇ ನಿಂತಿದ್ದುದು ಅವಳಿಗೆ ನೆನಪಾಯಿತು.

ಹೊರಬಂದವನನ್ನು ಮೆಟ್ಟಿಲ ಬಳಿ ತಡೆದು ನಿಲ್ಲಿಸಿದಳು. “ಬಲಗಿವಿ ಕೇಳಿಸಲ್ವಾ ನಿಂಗೆ?”

“ಚಿಕ್ಕಂದಿನಿಂದ. ಈಗ ಎಡಗಿವೀನೂ ಹೋಗ್ತಿದೆ. ಅದೂ ಉಳಿಯೋದು ಕಷ್ಟ ಅಂದ್ರು ಡಾಕ್ಟ್ರು.”

“ಹಾಗಾದ್ರೆ ಅವತ್ತು ನಾನು ಹೇಳಿದ್ದು...”

“ಕೇಳಿಸಲಿಲ್ಲ. ಆದ್ರೆ ಪರದೆ ಗಾಜಲ್ಲಿ ನಿನ್ನ ಮುಖ ಕಾಣ್ತಿತ್ತು. ತುಟಿ ನೋಡಿ ಗೊತ್ತಾಯ್ತು.”

“ಗೊತ್ತಿದ್ದೂ ಆಂಪ್ಲಿಟ್ಯೂಡ್ ಅಂದ್ಯಾ!”

“ಇನ್ನೇನ್ ಮಾಡ್ಲಿ? ಇಷ್ಟೊಂದು ಮಾತಾಡೋಳಿಗೆ ಒಬ್ಬ ಕಿವುಡನ್ನ ಗಂಟು ಹಾಕಲಾ?”

“ಅದನ್ನ ನೀನೊಬ್ಬನೇ ತೀರ್ಮಾನ ಮಾಡಿಬಿಟ್ಯಾ? ನನ್ನನ್ನ ಒಂದು ಮಾತು ಕೇಳ್ಬೇಕು ಅನ್ನಿಸ್ಲಿಲ್ವಾ?”

ಅವನ ಕಣ್ಣು ತುಂಬಿತ್ತು. “ನಂಗೂ ನೀನಂದ್ರೆ ಪ್ರಾಣ ಕಣೇ. ನಿನ್ನ ದನಿ ಕೇಳಿಸದೆ ಹೋಗೋ ದಿನ ನೆನೆಸ್ಕೊಂಡ್ರೇನೇ ಭಯ ಆಗುತ್ತೆ.”

“ಆ ದಿನ ಬರ್ಲಿ, ಆಗ ನನ್ನ ಮುಖ ನೋಡ್ಕೊಂಡಿರು. ಎಲ್ಲೂ ಹೋಗಲ್ಲ ನಾನು.”

ಅವನನ್ನು ಮೆಟ್ಟಿಲ ಮೇಲೆ ಕೂರಿಸಿ, ಅವನ ಎಡಕ್ಕೆ ಒತ್ತಿಕೊಂಡು ಕುಳಿತಳು. ಅವನು ಅವಳ ಬೆರಳುಗಳನ್ನು ಹಿಡಿದುಕೊಂಡು, “ಏನಾದ್ರೂ ಹೇಳು,” ಎಂದ.

ಅವಳು ಕಣ್ಣೊರೆಸಿಕೊಂಡು ಶುರು ಮಾಡಿದಳು: ಅಜ್ಜಿಯ ಗೊರಕೆ, ಅಪ್ಪನ ಅಪಸ್ವರದ ಹಾಡು, ಬೆಳಿಗ್ಗೆ ತಪ್ಪಿಹೋದ ಬಸ್ಸು. ಮುನಿ ಅವಳ ತುಟಿ ನೋಡಲಿಲ್ಲ. ಕಣ್ಣು ಮುಚ್ಚಿಕೊಂಡು ಕೇಳಿದ.