ಗುರುವಾರ ಕಳೆಯುವ ವಸ್ತುಗಳು

ಜಿರಾಫೆಯ ನೀರಿನ ಬಾಟಲಿ ಈ ಗುರುವಾರ ಕಳೆದುಹೋಯಿತು. ಹೋದ ಗುರುವಾರ ಛತ್ರಿ, ಅದರ ಹಿಂದಿನ ಗುರುವಾರ ಬಲಗಾಲಿನ ಕಾಲುಚೀಲ.

ಶಾಲೆಯಲ್ಲಿ ಕಳೆದುಹೋದ ವಸ್ತುಗಳ ಕಪಾಟಿನ ಬೀಗದ ಕೈ ಹನ್ನೆರಡನೇ ಕ್ಲಾಸಿನ ಪುಟ್ಟ ಹುಡುಗಿ, ಎಲ್ಲರೂ ಗುಬ್ಬಿ ಎನ್ನುವವಳ ಹತ್ತಿರ. ಕೊನೆಯ ಗಂಟೆ ಬಾರಿಸಿದ ಮೇಲೆ ಕೋಣೆ ಕೋಣೆ ಸುತ್ತಿ, ಸಿಕ್ಕಿದ್ದನ್ನೆಲ್ಲ ಹೊತ್ತು ತರುವುದು ಅವಳ ಕೆಲಸ. ಸುಮ್ಮನೆ ಕೊಡುವಂತಿಲ್ಲ. ಕಳೆದುಕೊಂಡವರು ಎದುರು ಕೂತು ಬಣ್ಣ, ಗುರುತು, ಕಲೆ ಎಲ್ಲ ಹೇಳಬೇಕು, ಅವಳು ಬರೆದುಕೊಳ್ಳಬೇಕು, ಆಮೇಲೆ ಸಹಿ.

ಅವಳದೇ ಕ್ಲಾಸಿನ, ಎಲ್ಲರೂ ಜಿರಾಫೆ ಎನ್ನುವ ಆ ಉದ್ದನೆಯ ಹುಡುಗಿ, ಬಾಸ್ಕೆಟ್‌ಬಾಲ್ ತಂಡದ ನಾಯಕಿ, ಪುಟ್ಟ ಸ್ಟೂಲಿನ ಮೇಲೆ ಮೊಣಕಾಲು ಮಡಚಿ ಕೂತಳು.

"ನೀಲಿ ಬಾಟಲಿ. ಮುಚ್ಚಳದ ಮೇಲೆ ಹಲ್ಲಿನ ಗುರುತಿದೆ."

"ಯಾರ ಹಲ್ಲು?"

"ನಂದೇ. ಮ್ಯಾಚ್ ಸೋತ ದಿನ ಕಚ್ಚಿದ್ದೆ. ಅದನ್ನೂ ಬರ್ಕೋ."

ಗುಬ್ಬಿ ತಲೆಯೆತ್ತದೆ ಬರೆದಳು. ಎತ್ತಿದರೆ ಆ ಕಣ್ಣು ಎದುರಾಗುತ್ತಿತ್ತು, ಎದುರಾದರೆ ಅಕ್ಷರ ಸೊಟ್ಟಗಾಗುತ್ತಿತ್ತು. 'ಸಿಕ್ಕ ಜಾಗ' ಬರೆಯುವಾಗ ಮಾತ್ರ ಪೆನ್ನು ನಿಂತಿತು. ಸಂಗೀತದ ಕೋಣೆ. ಮೂರು ವಾರವೂ ಅದೇ. ಬಿಡುವು ಸಿಕ್ಕಾಗಲೆಲ್ಲ ಅಲ್ಲಿ ಹಾಡುತ್ತ ಕೂರುವವಳು ಮೈನಾ.

"ಮೈನಾ ಹಾಡು ಚೆನ್ನಾಗಿರುತ್ತೆ, ಅಲ್ವಾ?"

"ಹೂಂ, ಚೆನ್ನಾಗಿರುತ್ತೆ."

"ಕಾಲುಚೀಲ ಬಿಚ್ಚಿಟ್ಟು ಕೇಳೋ ಅಷ್ಟು?"

ಜಿರಾಫೆ ತುಟಿಯಂಚಿನಲ್ಲಿ ನಕ್ಕು, ಸಹಿ ಹಾಕಿ ಹೋದಳು. ಹೊಟ್ಟೆಕಿಚ್ಚಿಗೆ ಹೊಗೆ ಇರುವುದಿಲ್ಲ. ಇದ್ದಿದ್ದರೆ ಗುಬ್ಬಿ ಕೂತಿದ್ದ ಕೋಣೆಯ ಗೋಡೆಗಳು ಅವತ್ತೇ ಕಪ್ಪಾಗುತ್ತಿದ್ದವು.

ಮರುದಿನ ಗುಬ್ಬಿ ತಡೆಯಲಾರದೆ ಮೈನಾಳನ್ನೇ ಕೇಳಿದಳು.

"ಅವಳ ಕಾಲುಚೀಲ ಇಟ್ಕೊಂಡು ನಾನೇನು ಮಾಡ್ಲಿ ತಾಯಿ?" ಎಂದಳು ಮೈನಾ. "ಗುರುವಾರ ಮಧ್ಯಾಹ್ನವೇ ನಾನು ಟ್ಯೂಷನ್‌ಗೆ ಹೋಗಿರ್ತೀನಿ."

ಹಾಗಾದರೆ ಅಲ್ಲಿ ಜಿರಾಫೆಯ ಜೊತೆ ಇನ್ಯಾರು? ಒಬ್ಬಳ ಮೇಲಿದ್ದ ಅನುಮಾನ ಈಗ ಇಡೀ ಶಾಲೆಯ ಮೇಲೆ ಹರಡಿತು. ನಾಲ್ಕು ರಾತ್ರಿ ನಿದ್ದೆ ಹತ್ತಲಿಲ್ಲ.

ಮುಂದಿನ ಗುರುವಾರ ಸಂಗೀತದ ಕೋಣೆಗೆ ಬಣ್ಣ ಬಳಿಯುತ್ತಿದ್ದರು. "ಇವತ್ತು ಅಲ್ಲಿಗೆ ಹೋಗೋ ಹಾಗಿಲ್ಲ. ಲ್ಯಾಬ್‌ಗೇ ನನ್ನ ಸುತ್ತು ಮುಗಿಯುತ್ತೆ," ಎಂದು ಮಧ್ಯಾಹ್ನ ನಲ್ಲಿಯ ಹತ್ತಿರ ಸಿಕ್ಕ ಜಿರಾಫೆಗೆ ಗುಬ್ಬಿ ಹೇಳಿದಳು. ಬೇರೆ ಯಾರಿಗೂ ಹೇಳಿರಲಿಲ್ಲ.

ಸಂಜೆ ಲ್ಯಾಬಿನ ಕೊನೆಯ ಬೆಂಚಿನ ಮೇಲೆ ಜಿರಾಫೆಯ ಕೆಂಪು ಟೋಪಿ ಅಚ್ಚುಕಟ್ಟಾಗಿ ಕೂತಿತ್ತು.

ಗುಬ್ಬಿ ಅದನ್ನು ಎತ್ತಿಕೊಂಡಳು. ಸಂಗೀತದ ಕೋಣೆಯಲ್ಲಿ ಮೈನಾ ಇರುತ್ತಾಳೆಂದು ಮಾತ್ರ ನೆನಪಿತ್ತು. ತನ್ನ ಸುತ್ತು ಮುಗಿಯುತ್ತಿದ್ದದ್ದೂ ಅಲ್ಲೇ ಎಂಬುದು ಹೊಳೆದೇ ಇರಲಿಲ್ಲ.

ಕಪಾಟಿನ ಹತ್ತಿರ ಜಿರಾಫೆ ಆಗಲೇ ಸ್ಟೂಲಿನ ಮೇಲಿದ್ದಳು.

"ಯಾಕೆ ಯಾವಾಗ್ಲೂ ಕೊನೇ ಕೋಣೆ?"

ಜಿರಾಫೆಯ ಕಿವಿ ಟೋಪಿಗಿಂತ ಕೆಂಪಾಯಿತು. "ಕೊನೇಲಿ ಸಿಕ್ಕಿದ್ದನ್ನ ಕೊನೇಲಿ ಬರೀತೀಯ. ಅಷ್ಟೊತ್ತಿಗೆ ಎಲ್ಲರೂ ಹೋಗಿರ್ತಾರೆ."

ಗುಬ್ಬಿ ಟೋಪಿಯನ್ನು ಬೆನ್ನ ಹಿಂದೆ ಹಿಡಿದು ಪುಸ್ತಕ ತೆರೆದಳು. "ಏನು ಕಳೆದಿದೆ, ಹೇಳು."

"ಒಂದು ಗುಬ್ಬಿ. ಎಡಗೆನ್ನೆ ಮೇಲೆ ಶಾಯಿ ಕಲೆ. ಸಿಟ್ಟು ಮೂಗಿನ ತುದೀಲಿ."

"ಎಲ್ಲಿ ಕಳ್ಕೊಂಡೆ?"

"ಕಳ್ಕೊಳ್ಳೋಕೆ ಮೊದಲು ಸಿಗಬೇಕಲ್ಲ ಕಣೇ."

ಗುಬ್ಬಿ ಈ ಸಲ ತಲೆಯೆತ್ತಿದಳು. ಆ ಕಣ್ಣು ಎದುರಿಗೇ ಇತ್ತು, ಹೆದರಿಕೊಂಡಿತ್ತು. ಪುಸ್ತಕ ಮುಚ್ಚಿ, ಸಹಿಗೆಂದು ಚಾಚಿದ ಆ ಉದ್ದನೆಯ ಕೈಯಲ್ಲಿ ಪೆನ್ನಿನ ಬದಲು ತನ್ನ ಕೈಯನ್ನಿಟ್ಟಳು.

"ಮುಂದಿನ ಗುರುವಾರ ಏನೂ ಕಳ್ಕೋಬೇಡ," ಎಂದಳು. "ಸುಮ್ಮನೆ ಬಾ."